ಹರಕೆಯ ಬಾಟಲಿ

ಗಂಡ ಕುಡಿತ ಬಿಟ್ಟರೆ ಕೊರಗಜ್ಜ ದೈವಕ್ಕೆ ಚಕ್ಕುಲಿ, ಬೀಡ, ಒಂದು ಬಾಟಲಿ ಮದ್ಯ ಒಪ್ಪಿಸುತ್ತೇನೆಂದು ಮುಂಬಯಿ ಬಳಿಯ ಡೊಂಬಿವಲಿಯ ಸ್ವರ್ಣಲತಾ ಹರಕೆ ಹೊತ್ತಿದ್ದಳು. ನಮ್ಮ ತುಳುನಾಡಿನವರಿಗೆ ಇದು ಹೊಸತಲ್ಲ. ಗಂಡ ದಯಾನಂದ ಠಾಣೆ ನಗರದ ವ್ಯಸನಮುಕ್ತಿ ಕೇಂದ್ರದಲ್ಲಿ ಒಂದು ತಿಂಗಳಿದ್ದು ಬಂದ. ಬಂದ ಮೇಲೂ ಎರಡು ತಿಂಗಳು ಒಂದು ಹನಿ ಮುಟ್ಟಲಿಲ್ಲ. ಹೋಟೆಲಿನ ಕೌಂಟರಿನಲ್ಲಿ ಮತ್ತೆ ಕೂತ. ಮಗಳು ಶ್ರದ್ಧಾಳ ಶಾಲೆಯ ಸಭೆಗೂ ಹೋದ. ಸ್ವರ್ಣಲತಾಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಹರಕೆ ತೀರಿಸುವ ಭಾನುವಾರ ಬಂತು. ಅವಳು ಚಕ್ಕುಲಿ ಕರಿಯುತ್ತಾ ಗಂಡನಿಗೆ ಹೇಳಿದಳು: "ವೈನ್ ಶಾಪಿಂದ ಅಜ್ಜನಿಗೊಂದು ಕ್ವಾರ್ಟರ್ ತನ್ನಿ."

"ನಾನೇ ಹೋಗ್ಬೇಕಾ?"

"ಮತ್ತೆ ನಾನು ಹೋಗ್ಲಾ ಅಲ್ಲಿಗೆ? ನೀವು ಬಿಟ್ಟಾಯ್ತಲ್ಲ, ಇನ್ನು ಎಂತ ಹೆದರಿಕೆ?"

ಬಿಟ್ಟವನ ಕೈಗೇ ಚೀಲ ಕೊಟ್ಟು ಕಳಿಸಿದ ಬುದ್ಧಿಗೆ ಏನನ್ನಬೇಕು! ಸಂಜೆ ಬಾಗಿಲು ತೆರೆದ ಶ್ರದ್ಧಾ, "ಮಮ್ಮಿ, ಪಪ್ಪಾ ಫಿರ್ ಸೇ ಪೀಕೇ ಆಯೇ..." ಎಂದು, ಅಪ್ಪ ಮತ್ತೆ ಕುಡಿದು ಬಂದದ್ದಕ್ಕೆ ಅಳತೊಡಗಿದಳು.

ಮರುದಿನ ದಯಾನಂದ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನನ್ನು ಮನೆಯಿಂದ ಹೊರಗೆ ಕಳಿಸಲು ಸ್ವರ್ಣಲತಾ ಅವನ ಬಟ್ಟೆಗಳನ್ನು ಬ್ಯಾಗಿಗೆ ತುರುಕುತ್ತಿದ್ದಳು. ಅಷ್ಟರಲ್ಲಿ ಕೆಳಗಿನ ಮಾಳಿಗೆಯ ದಮಯಂತಿ ಬಂದಳು. ಅವಳು ಅದೇ ಕೇಂದ್ರದಲ್ಲಿ ನರ್ಸ್.

"ಎಲ್ಲ ಮುಗೀತು ಅಕ್ಕ. ಅಜ್ಜನ ಹರಕೆಯನ್ನೇ ಕುಡಿದವರು ಇನ್ನು ಸರಿಯಾಗ್ತಾರಾ?"

"ತರ್ಲಿಕ್ಕೆ ಕಳಿಸಿದ್ದು ಯಾರು ಮಾರಾಯ್ತಿ?"

ಸ್ವರ್ಣಲತಾಳ ಕೈ ನಿಂತಿತು.

"ನಿನ್ನನ್ನು ಬೈಲಿಕ್ಕೆ ಕೇಳಿದ್ದಲ್ಲ. ಇದು ಕಾಯಿಲೆ. ಕೇಂದ್ರದಿಂದ ಬಂದ ಕೂಡಲೇ ಗುಣ ಆಯ್ತು ಅಂತಲ್ಲ. ಆಸೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಳಗೆ ಇರ್ತದೆ. ಒಂದು ಅಂಗಡಿ, ಒಬ್ಬ ಹಳೇ ದೋಸ್ತ್ ಸಾಕು ಅದು ಏಳ್ಲಿಕ್ಕೆ."

"ಹಾಗಾದ್ರೆ ಎರಡು ತಿಂಗಳು ಬಿಟ್ಟದ್ದು ನೀರಲ್ಲಿ ಹೋಮವಾ?"

"ಅಲ್ಲ. ಬಿಟ್ಟು ಇರ್ಲಿಕ್ಕೆ ಆಗ್ತದೆ ಅಂತ ಅವರಿಗೀಗ ಗೊತ್ತುಂಟು. ಜಾರುವುದು ತುಂಬಾ ಜನರಿಗೆ ಆಗ್ತದೆ. ಕೂಡಲೇ ಹೇಳಿದ್ರೆ ಎಬ್ಬಿಸ್ಬಹುದು. ನಾಚಿಕೆಯಿಂದ ಮುಚ್ಚಿಟ್ರೆ ಒಂದು ಕ್ವಾರ್ಟರ್ ನಾಲ್ಕಾಗ್ತದೆ."

"ಹೇಳ್ಲಿಕ್ಕೆ ಸುಲಭ. ನಿಮ್ಮ ಮನೆಯಲ್ಲಿ ಆಗಿದ್ರೆ?"

ದಮಯಂತಿ ಬ್ಯಾಗಿನಿಂದ ಒಂದು ಶರ್ಟು ತೆಗೆದು ಮಡಚಿದಳು. "ಆಗಿತ್ತು. ನನ್ನ ತಮ್ಮ ಮನೀಶ. ಎರಡನೇ ಸಲ ಜಾರಿದಾಗ ನಾನೂ ಹೀಗೇ ಬ್ಯಾಗ್ ತುಂಬಿಸಿ ಕೊಟ್ಟೆ. ಕಲ್ಯಾಣದ ಲಾಡ್ಜಿನಲ್ಲಿ ಒಬ್ಬನೇ ಸತ್ತ. ಬ್ಯಾಗ್ ಬಿಚ್ಚಿಯೂ ಇರ್ಲಿಲ್ಲ."

ಸ್ವರ್ಣಲತಾ ಬ್ಯಾಗ್ ಬದಿಗೆ ಸರಿಸಿದಳು. ಗಂಡನ ಪಕ್ಕದಲ್ಲಿ ಹೋಗಿ ಕೂತಳು.

"ಅಜ್ಜನ ಎದುರು ಯಾವ ಮುಖ ಇಟ್ಕೊಂಡು ನಿಲ್ಲಲಿ?" ಎಂದ ಅವನು, ತಿರುಗದೆಯೇ.

"ಹರಕೆ ಹೊತ್ತವಳು ನಾನು. ಅಜ್ಜನಿಗೆ ನಾನೇ ಹೇಳ್ತೇನೆ. ಈಗ ಏಳಿ, ಠಾಣೆಯ ಆ ಕೇಂದ್ರಕ್ಕೆ ಹೋಗುವ. ನಾನೂ ಬರ್ತೇನೆ."

ಸ್ಲೋ ಲೋಕಲ್ ರೈಲಿನಲ್ಲಿ ಅವಳು ಅವನ ಕೈ ಹಿಡಿದು ಕೂತಳು. ಅವನು ಇನ್ನೊಮ್ಮೆ ಜಾರುವುದಿಲ್ಲವೆಂಬ ಧೈರ್ಯ ಅವಳಿಗಿರಲಿಲ್ಲ. ಆದರೂ ಅವನ ಕೈ ಬಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಬಿಟ್ಟವರೊಬ್ಬರು ಮತ್ತೆ ಜಾರಿದ್ದಾರೆಯೇ? ಹೊರಗೆ ಹಾಕಬೇಡಿ, ಮುಚ್ಚಿಡಲೂ ಬೇಡಿ. ತುಂಬಾ ಕುಡಿಯುವವರನ್ನು ವೈದ್ಯರ ಸಲಹೆಯಿಲ್ಲದೆ ಒಮ್ಮೆಲೇ ಬಿಡಿಸಬೇಡಿ, ಜೀವಕ್ಕೇ ಅಪಾಯ. ಹರಕೆ ತೀರಿಸಿ, ಹಬ್ಬ ಮಾಡಿ, ಬಾಟಲಿ ಮಾತ್ರ ಅವರ ಕೈಗೆ ಕೊಡಬೇಡಿ. ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ನಾಳೆಗೆ ಇಡಬೇಡಿ, ಅವರು ಇನ್ನೂ ಮನೆಯಲ್ಲಿರುವಾಗಲೇ ಮಾಡಿ.