ಮೈಮೇಲಿನ ಕೆಸರು

ನಾನು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದೊಂದು ಟ್ಯಾಂಕು. ಪ್ಲಾಸ್ಟಿಕ್ಕಿನದು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಕಾಯಿಸಿ ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿದರು. ಆರಿದ ಮೇಲೆ ಬೂದು ಬಣ್ಣದ ಒಂದು ಚೌಕಟ್ಟಾಗಿ ಹೊರಬಿದ್ದೆ. ನನ್ನ ಚಕ್ರ, ಚೈನು, ತಿರುಗುವ ಗೋಪುರ, ತೋಪು ಎಲ್ಲ ಬಿಡಿಬಿಡಿಯಾಗಿ ಆ ಚೌಕಟ್ಟಿಗೆ ಅಂಟಿಕೊಂಡಿದ್ದವು. ನಾನು ಏನಾಗಬೇಕೆಂಬುದು ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿತ್ತು: ತೊಳೆದಿಟ್ಟಂತೆ ಹೊಳೆಯುವ ಹಸಿರು ಟ್ಯಾಂಕು, ಹಿಂದೆ ನೀಲಿ ಆಕಾಶ.

ನನ್ನನ್ನು ಕೊಂಡವಳು ಬೆಳಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅರುಂಧತಿ ಮಜಗಾವಿ. ಮುದ್ರಣಾಲಯದ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಅವಳೂ ಅವಳ ಏಳೆಂಟು ಗೆಳೆಯರೂ ಸೇರಿ ಮೇಜಿನ ಮೇಲೆ ಯುದ್ಧದ ಆಟ ಆಡುತ್ತಿದ್ದರು. ಹಸಿರು ಬಟ್ಟೆ ಹಾಸಿ, ಥರ್ಮಾಕೋಲಿನ ಗುಡ್ಡ ಇಟ್ಟು, ಬೆರಳಗೆಣ್ಣಿನಷ್ಟು ಎತ್ತರದ ಸೈನಿಕರನ್ನೂ ನನ್ನಂಥ ಗಾಡಿಗಳನ್ನೂ ನಿಲ್ಲಿಸುತ್ತಿದ್ದರು. ಎಷ್ಟು ದೂರ ಸರಿಯಬೇಕೆಂಬುದನ್ನು ಟೇಪು ಹಿಡಿದು ಅಳೆಯುತ್ತಿದ್ದರು. ಯಾರು ಉಳಿದರು, ಯಾರು ಅಳಿದರು ಎಂಬುದನ್ನು ದಾಳ ಹೇಳುತ್ತಿತ್ತು. ಅರುಂಧತಿ ನನ್ನನ್ನು ಅವಸರದಲ್ಲಿ ಅಂಟಿಸಿ, ಡಬ್ಬಿಯಿಂದ ಒಂದು ಪದರ ಹಸಿರು ಬಣ್ಣ ಊದಿ ಮೇಜಿಗಿಳಿಸಿದಳು. ಮೂರು ಭಾನುವಾರ ಹೋರಾಡಿದೆ, ಮೂರೂ ಸಲ ಸತ್ತೆ. ಮೂರನೆಯ ಸಲ ಯಾರದೋ ಮೊಣಕೈ ತಾಗಿ ಕೆಳಗೆ ಬಿದ್ದು ತೋಪಿನ ನಳಿಗೆಯೂ ಮುರಿಯಿತು.

ಅದೇ ದಿನ ಭರಮಪ್ಪ ಕಟಗೇರಿ ಮೆಟ್ಟಿಲು ಹತ್ತಿ ಬಂದ. ಮಗಳ ಮನೆಯ ವಾಸ್ತುಶಾಂತಿಯ ಕಾರ್ಡು ಮಾಡಿಸಲು ಕೆಳಗೆ ಮುದ್ರಣಾಲಯಕ್ಕೆ ಬಂದಿದ್ದವನು, ಮೇಲಿನಿಂದ ಟ್ಯಾಂಕು, ಟ್ಯಾಂಕು ಎಂಬ ಮಾತು ಕೇಳಿ ಸುಮ್ಮನಿರಲಾರದೆ ಬಂದಿದ್ದ. ಅರವತ್ತು ದಾಟಿದ ಎತ್ತರದ ಆಳು. ಬಲಗೈಯ ಹಿಂಬದಿಯ ಚರ್ಮ ಹಿಂದೆಂದೋ ಸುಟ್ಟು ನಯವಾಗಿ ಮಿರುಗುತ್ತಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ನನ್ನನ್ನು ಎತ್ತಿಕೊಂಡ.

"ಇದರ ಡ್ರೈವರ್ ಯಾರ್ರಿ?" ಎಂದ.

ಕೆಲವರು ನಕ್ಕರು. ಅರುಂಧತಿ ನಗಲಿಲ್ಲ. ಡ್ರೈವರ್ ಯಾರೂ ಇಲ್ಲ ಕಾಕಾ, ದಾಳ ಹೇಳಿದಂತೆ ಹೋಗುತ್ತದೆ ಎಂದಳು. ಭರಮಪ್ಪ ನನ್ನನ್ನು ತಿರುಗಿಸಿ, ಮುಂಭಾಗದ ಬಲ ಮೂಲೆಗೆ ಉಗುರು ಮುಟ್ಟಿಸಿದ.

"ನಾ ಇಲ್ಲಿ ಕುಂದರತಿದ್ದೆ."

ಅರುಂಧತಿ ಕುರ್ಚಿ ಎಳೆದು ಕೂರಿಸಿದಳು. ಟ್ಯಾಂಕು ಪಡೆಯಲ್ಲಿ ಹದಿನಾರು ವರ್ಷ ಇದ್ದು ದಫೇದಾರನಾಗಿ ನಿವೃತ್ತನಾದವನು, ಎಪ್ಪತ್ತೊಂದರ ಯುದ್ಧದಲ್ಲಿ ನನ್ನದೇ ಜಾತಿಯ ಟ್ಯಾಂಕು ಓಡಿಸಿದವನು ಎಂಬುದು ಆಗ ತಿಳಿಯಿತು. ಅದಕ್ಕಿಂತ ಹೆಚ್ಚು ಏನೂ ಹೇಳಲಿಲ್ಲ. ಮುರಿದ ನಳಿಗೆಯನ್ನು ತಾನು ಸರಿಮಾಡಿ ಕೊಡುತ್ತೇನೆಂದು ಹೇಳಿ, ನನ್ನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ.

ಪಡೆಯಿಂದ ಬಂದ ಮೇಲೆ ಭರಮಪ್ಪ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್ಡಿನಲ್ಲಿ ಬಣ್ಣದ ಕೆಲಸ ಮಾಡಿದ್ದ. ಟ್ರೇಲರಿನ ಬೆನ್ನಿಗೆ ಕಮಲ, ನವಿಲು, ಮಾಲೀಕನ ಮಕ್ಕಳ ಹೆಸರು ಬರೆದು ಕೈ ಪಳಗಿತ್ತು. ಆದರೆ ನನ್ನಷ್ಟು ಚಿಕ್ಕದರ ಮೇಲೆ ಎಂದೂ ಬರೆದಿರಲಿಲ್ಲ. ಕೊಡೆಯ ಕಡ್ಡಿ ಕತ್ತರಿಸಿ ನನಗೆ ಹೊಸ ನಳಿಗೆ ಕೂರಿಸಿದ. ಒಂದು ಕುಂಚದ ಕೂದಲನ್ನೆಲ್ಲ ಕತ್ತರಿಸಿ ನಾಲ್ಕೈದು ಎಳೆ ಮಾತ್ರ ಉಳಿಸಿಕೊಂಡ. ಗಡಿಯಾರ ರಿಪೇರಿಯವನಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತಂದ.

ಅರುಂಧತಿಯ ಹಸಿರನ್ನು ಕೆರೆದು ತೆಗೆದು, ತೆಳ್ಳಗೆ ಹೊಸ ಹಸಿರು ಹಚ್ಚಿದ. ನೀರಿನಷ್ಟು ತೆಳುವಾದ ಕಪ್ಪನ್ನು ನನ್ನ ಸಂದುಗಳಿಗೆ ಇಳಿಸಿದ. ಕುಂಚದ ಬಣ್ಣವನ್ನೆಲ್ಲ ಬಟ್ಟೆಗೆ ಒರೆಸಿ, ಉಳಿದ ಚೂರನ್ನು ನನ್ನ ಅಂಚುಗಳಿಗೆ ತೀಡಿದಾಗ ನನ್ನ ಮೈಯ ಒಂದೊಂದು ತಿರುಪೂ ಎದ್ದು ಕಂಡಿತು. ಹೆಂಡತಿ ನೋಡಿ ಚಂದ ಆಯಿತು, ಇನ್ನು ಸಾಕು ಎಂದಳು. ಭರಮಪ್ಪನಿಗೆ ಸಾಕಾಗಲಿಲ್ಲ. ಇಟ್ಟಿಗೆಯ ಪುಡಿ, ಒಣಗಿಸಿದ ಚಹಾಪುಡಿ, ಸುಣ್ಣ ಬೆರೆಸಿ ಕೆಸರು ಕಲಸಿದ. ಸರಿಯಾದ ಬಣ್ಣ ಬರಲಿಲ್ಲ. ಒಲೆಯ ಬೂದಿ ಸೇರಿಸಿದ. ಇನ್ನೂ ಬರಲಿಲ್ಲ. ಮೂರು ವಾರ ಒಂದೇ ಕೆಸರಿನ ಹಿಂದೆ ಬಿದ್ದ. ಹಣೆಯ ಬೆವರು ಮೂಗಿನ ತುದಿಗಿಳಿಯುವುದು ಕೆಳಗೆ ಕೂತಿದ್ದ ನನಗೆ ಚೆನ್ನಾಗಿ ಕಾಣುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಕುಂಚ ನಿಂತಿತು. "ಇದ," ಎಂದ ತನಗೆ ತಾನೇ.

ಆ ಕೆಸರನ್ನು ನನ್ನ ಹೊಟ್ಟೆಯ ಮಟ್ಟಕ್ಕೆ ಮೆತ್ತಿದ. ಎಡಗಡೆಯ ಚೈನನ್ನು ಬ್ಲೇಡಿನಿಂದ ತುಂಡರಿಸಿದ. ದೀಪದ ಮಸಿಯನ್ನು ಬೆರಳ ತುದಿಯಿಂದ ಗೋಪುರದ ಬಲಗಡೆಗೆ ಒತ್ತಿದ. ಒತ್ತಿದ ಬೆರಳನ್ನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಒಂದು ಪೋಸ್ಟ್ ಕಾರ್ಡು ತೆಗೆದುಕೊಂಡು, ನಲವತ್ತು ವರ್ಷದಿಂದ ಬರೆಯದೆ ಉಳಿದಿದ್ದ ಕಾಗದವನ್ನು ಬರೆದ.

ಆ ವರ್ಷ ಯುದ್ಧಕ್ಕೆ ನಲವತ್ತು ವರ್ಷ ತುಂಬಿತ್ತು. ಊರಿನಲ್ಲಿ ಒಂದು ಸಮಿತಿಯಾಗಿ, ದೊಡ್ಡ ಸಭಾಭವನದಲ್ಲಿ ಪ್ರದರ್ಶನ ಏರ್ಪಾಡಾಗಿತ್ತು. ಗಡಿಯ ಹಳ್ಳವೊಂದನ್ನು ನಮ್ಮ ಟ್ಯಾಂಕುಗಳು ದಾಟಿದ್ದನ್ನು ಮೇಜಿನ ಮೇಲೆ ಮಾಡಿ ತೋರಿಸುವ ಕೆಲಸ ಅರುಂಧತಿಯ ಗೆಳೆಯರ ಪಾಲಿಗೆ ಬಂದಿತ್ತು. ಅವಳು ಹದಿನೇಳು ಟ್ಯಾಂಕುಗಳನ್ನು ಹಳ್ಳದ ಆಚೆ ನಿಲ್ಲಿಸಿದಳು. ಭರಮಪ್ಪ ಹದಿನೆಂಟನೆಯದಾದ ನನ್ನನ್ನು ಹಳ್ಳದ ನಡುವೆ ಇಟ್ಟ.

ಬೆಳಿಗ್ಗೆ ಬಾಗಿಲು ತೆರೆಯುವ ಮುನ್ನ ಸಮಿತಿಯ ಅಧ್ಯಕ್ಷ ನಾಡಗೌಡರು ಎಲ್ಲವನ್ನೂ ನೋಡುತ್ತ ಬಂದರು. ಕೆಟ್ಟ ಮನುಷ್ಯರಲ್ಲ, ವಾರದಿಂದ ಊಟ ನಿದ್ದೆ ಬಿಟ್ಟು ಓಡಾಡಿದವರು. ನನ್ನನ್ನು ಕಂಡು ಮುಖ ಕಿವುಚಿದರು. ಇದು ಗೆಲುವಿನ ಹಬ್ಬ, ಶಾಲೆಯ ಮಕ್ಕಳು ಬರುತ್ತಾರೆ, ಸಮಿತಿಯ ಪುಸ್ತಿಕೆಯಲ್ಲಿ ಎಲ್ಲ ಟ್ಯಾಂಕುಗಳೂ ದಾಟಿದವೆಂದು ಅಚ್ಚಾಗಿದೆ, ಇದನ್ನು ತೊಳೆದು ಆಚೆ ದಂಡೆಗೆ ಇಡಿ ಎಂದರು. ಯಾರೋ ಒದ್ದೆ ಬಟ್ಟೆಯನ್ನೂ ತಂದುಬಿಟ್ಟರು. ಭರಮಪ್ಪ ನನ್ನ ಮೇಲೆ ಕೈ ಮುಚ್ಚಿದ. ಅಂಗೈಯ ಕತ್ತಲಲ್ಲಿ ಅವನ ನಾಡಿ ಬಡಿಯುವುದು ನನಗೆ ತಾಗುತ್ತಿತ್ತು.

"ಸಾಹೇಬ್ರ, ಪುಸ್ತಕ ಬರದವ್ರು ಹಳ್ಳದಾಗ ಇಳದಿರಲಿಲ್ರಿ. ನಾ ಇಳದಿದ್ದೆ. ಈ ಕೆಸರು ಒರಸಾಕ ನಿಮಗ ಬಿಡೂದಿಲ್ಲ."

ಆಮೇಲೆ, ಹೆಂಡತಿಗೂ ಹೇಳದಿದ್ದುದನ್ನು ಅಲ್ಲಿ ನಿಂತೇ ಹೇಳಿದ. ಹಳ್ಳದ ನಡುವೆ ಹೂತಿಟ್ಟ ನೆಲಬಾಂಬು ಸಿಡಿದು ಅವರ ಟ್ಯಾಂಕಿನ ಚೈನು ಹರಿಯಿತು. ಗಾಡಿ ಕೆಸರಲ್ಲಿ ಹೂತು ನಿಂತಿತು. ಇಳಿಯಿರಿ ಎಂದು ಅಪ್ಪಣೆ ಬಂತು. ಉಳಿದವರು ಇಳಿದರು. ತೋಪು ಹಾರಿಸುವ ಮಲ್ಲೇಶಪ್ಪ ಇಳಿಯಲಿಲ್ಲ. ತೋಪು ಇನ್ನೂ ನೆಟ್ಟಗಿತ್ತು, ಹಿಂದಿನ ಗಾಡಿಗಳು ಇನ್ನೂ ದಾಟಬೇಕಿತ್ತು. ನೀವು ನಡೀರಿ, ನಾ ಬಂದೆ ಎಂದ. ತಾನೇ ಗುಂಡು ತುಂಬಿ ತಾನೇ ಹಾರಿಸುತ್ತ ಕೂತ. ಹಿಂದಿನವು ಒಂದೊಂದಾಗಿ ದಾಟಿದವು. ಕೊನೆಯದು ದಂಡೆ ಹತ್ತುವಾಗ ಗೋಪುರದ ಬಲಗಡೆಗೆ ಶತ್ರುವಿನ ಗುಂಡು ಬಡಿಯಿತು. ಭರಮಪ್ಪ ತಿರುಗಿ ಓಡಿಬಂದು ಉರಿಯೊಳಗೆ ಕೈಚಾಚಿ ಕಾದ ಮುಚ್ಚಳ ಎಳೆದ. ಮುಚ್ಚಳ ತೆರೆಯಲಿಲ್ಲ.

ನಾಡಗೌಡರು ಕೆಳಗೆ ನೋಡಿದರು. ಆದರೂ ಅಧ್ಯಕ್ಷರಲ್ಲವೇ, ಹಾಗಾದರೆ ಇವತ್ತೊಂದು ದಿನ ಇದನ್ನು ಮೇಜಿನ ಕೆಳಗೆ ಇಡೋಣ, ಆಮೇಲೆ ವಿಚಾರಿಸೋಣ ಎಂದರು. ಅರುಂಧತಿ ಖಾಲಿ ಪೆಟ್ಟಿಗೆ ತಂದು, ಆಚೆ ದಂಡೆಯ ಟ್ಯಾಂಕುಗಳನ್ನು ಎತ್ತಿ ತುಂಬತೊಡಗಿದಳು. ಒಂದು, ಎರಡು, ಮೂರು. ಏನು ಮಾಡುತ್ತಿದ್ದೀರಿ ಎಂದು ಅವರು ಗಾಬರಿಯಾಗಿ ಕೇಳಿದರು.

"ಇದು ನಿಂತಿದ್ದಕ್ಕ ಅವು ದಾಟ್ಯಾವ ಸರ್. ಇದು ಇಲ್ಲಂದ್ರ ಅವೂ ಇಲ್ಲ," ಎಂದಳು.

ಆಗಲೇ ಅರೆತೆರೆದಿದ್ದ ಪಕ್ಕದ ಬಾಗಿಲ ಬಳಿಯಿಂದ ಒಬ್ಬ ಹೆಂಗಸು ಮೇಜಿನತ್ತ ನಡೆದು ಬಂದಳು. ಇಳಕಲ್ಲ ಸೀರೆ, ಗಟ್ಟಿಮುಟ್ಟಾದ ತೋಳು, ಹುಬ್ಬಿನ ಮೇಲೆ ತೆಳ್ಳಗೆ ಹಿಟ್ಟಿನ ಪುಡಿ. ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುವ ಚಂದ್ರವ್ವ, ಮಲ್ಲೇಶಪ್ಪನ ಹೆಂಡತಿ. ಪೋಸ್ಟ್ ಕಾರ್ಡು ಹೋದದ್ದು ಅವಳಿಗೆ. ಮದುವೆಯಾದ ಹನ್ನೊಂದನೆಯ ತಿಂಗಳಿಗೆ ಅವಳಿಗೊಂದು ತಂತಿ ಬಂದಿತ್ತು, ಅದರಲ್ಲಿದ್ದುದು ಎರಡು ಸಾಲು. ಉಳಿದದ್ದನ್ನು ಈಗ ಬಾಗಿಲಲ್ಲಿ ನಿಂತು ಕೇಳಿದ್ದಳು.

"ಅವರು ಎಲ್ಲಿ ಕುಂತಿದ್ರು?" ಎಂದಳು.

ಭರಮಪ್ಪ ನನ್ನನ್ನು ಎತ್ತಿ ಅವಳ ಅಂಗೈಯಲ್ಲಿಟ್ಟ. ನನ್ನ ಗೋಪುರವನ್ನು ಮೆಲ್ಲಗೆ ಬಿಚ್ಚಿ ಬಲಗಡೆಗೆ ಉಗುರು ತೋರಿಸಿದ.

"ಇಲ್ಲಿ, ವೈನಿ."

ಒಳಗೆ ನಾನು ಖಾಲಿ. ಆದರೂ ಅವಳು ನೋಡಿದಳು, ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ತಲೆಯೆತ್ತಿ ಕೇಳಿದಳು.

"ನಲವತ್ತು ವರ್ಷ ಯಾಕ ಬರಲಿಲ್ಲ?"

"ನಾ ಹೊರಗ ಬಂದೆ, ಅಂವ ಬರಲಿಲ್ಲ. ಹೆಂಗ ಮಾರಿ ತೋರಸ್ಲಿ ವೈನಿ?"

"ತೋರಸಬೇಕಿತ್ತು," ಎಂದಳು ಚಂದ್ರವ್ವ. ಅವಳ ದನಿಯಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು. ಭರಮಪ್ಪ ತಲೆ ತಗ್ಗಿಸಿ ಆ ಸಿಟ್ಟನ್ನು ಪೂರ್ತಿ ತೆಗೆದುಕೊಂಡ.

ನನ್ನನ್ನು ಹಳ್ಳದ ನಡುವೆ ಮತ್ತೆ ಇಟ್ಟವಳು ಅವಳೇ. ನಾಡಗೌಡರು ಒದ್ದೆ ಬಟ್ಟೆಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡು, ಅರುಂಧತಿಯ ಪೆಟ್ಟಿಗೆಯಿಂದ ಟ್ಯಾಂಕುಗಳನ್ನು ತಾವೇ ತೆಗೆದು ದಂಡೆಗೆ ಜೋಡಿಸಿದರು. ಬಾಗಿಲು ತೆರೆಯಿತು. ಇದ್ಯಾಕೆ ಒಂದೇ ಇಲ್ಲಿ ನಿಂತಿದೆ ಎಂದು ಜನ ಕೇಳಿದಾಗಲೆಲ್ಲ ಚಂದ್ರವ್ವ ಉತ್ತರ ಕೊಟ್ಟಳು. ಅತಿಥಿಗಳಿಗೂ ಕೊಟ್ಟಳು, ಮಕ್ಕಳಿಗೂ ಕೊಟ್ಟಳು. ಕುರ್ಚಿ ತಂದರೆ ಬೇಡವೆಂದು ಸಂಜೆಯತನಕ ನಿಂತೇ ಇದ್ದಳು.

ಅರುಂಧತಿ ನನ್ನನ್ನು ಅವಳಿಗೇ ಕೊಟ್ಟುಬಿಟ್ಟಳು. ಅಂದಿನಿಂದ ನಾನು ಗಿರಣಿಯ ಗೋಡೆಯ ಹಲಗೆಯ ಮೇಲಿದ್ದೇನೆ. ಜೋಳದ ಹಿಟ್ಟು, ಗೋಧಿಯ ಹಿಟ್ಟು ನನ್ನ ಮೇಲೆ ಕೂರುತ್ತದೆ. ಅವಳು ಬೆಳಿಗ್ಗೆ ಉಫ್ ಎಂದು ಊದುತ್ತಾಳೆ, ಬಟ್ಟೆ ಮಾತ್ರ ತಾಗಿಸುವುದಿಲ್ಲ. ಭರಮಪ್ಪ ತಿಂಗಳಿಗೊಮ್ಮೆ ಬಸ್ಸು ಹಿಡಿದು ಬರುತ್ತಿದ್ದ. ಮೊದಲ ಎರಡು ಸಲ ಅವಳು ನೀರನ್ನಷ್ಟೇ ಕೊಟ್ಟಳು. ಮೂರನೆಯ ಸಲ ರೊಟ್ಟಿ ಬಡಿದಳು. ಮಲ್ಲೇಶಪ್ಪ ಹೇಗೆ ಹಾಡುತ್ತಿದ್ದ, ಯಾವುದಕ್ಕೆ ಜಗಳ ತೆಗೆಯುತ್ತಿದ್ದ, ಊರಿನ ಸುದ್ದಿ ಬಂದಾಗ ಏನು ಹೇಳುತ್ತಿದ್ದ ಎಂದೆಲ್ಲ ಕೇಳಿಕೇಳಿ ತಿಳಿದುಕೊಂಡಳು. ಹೀಗೆ ಆರು ವರ್ಷ ನಡೆಯಿತು. ಆಮೇಲೆ ಒಂದು ತಿಂಗಳು ಅವನು ಬರಲಿಲ್ಲ. ಅವನ ಮಗಳು ಫೋನು ಮಾಡಿದಳು. ಚಂದ್ರವ್ವ ಗಿರಣಿಗೆ ಬೀಗ ಹಾಕಿ ಬೆಳಗಾವಿಯ ಬಸ್ಸು ಹತ್ತಿದಳು.

ಯುದ್ಧಕ್ಕೆ ಐವತ್ತು ತುಂಬಿದಾಗ ಚಂದ್ರವ್ವನ ಊರಿನ ಪಂಚಾಯಿತಿಗೆ ಮಲ್ಲೇಶಪ್ಪನ ನೆನಪಾಯಿತು. ಶಾಲೆಯ ಮುಂದೆ ಕಟ್ಟೆ ಕಟ್ಟಿ ಅದರ ಮೇಲೆ ಸಿಮೆಂಟಿನ ಟ್ಯಾಂಕು ನಿಲ್ಲಿಸಿದರು, ಎಮ್ಮೆಯಷ್ಟು ದೊಡ್ಡದು. ಬಣ್ಣದವನು ಗೋಕಾಕದಿಂದ ಬಂದು ಮಿರಿಮಿರಿ ಹಸಿರು ಬಳಿದ. ಮರುದಿನ ಉದ್ಘಾಟನೆ, ರಿಬ್ಬನ್ ಕತ್ತರಿಸಬೇಕಾದವಳು ಚಂದ್ರವ್ವ. ಎಪ್ಪತ್ತರ ಆಕೆ ಬೆಳಿಗ್ಗೆ ನನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ನೋಡಿದಳು. ಅಣ್ಣನ ಹಾಗೆ ಎತ್ತರಕ್ಕೆ ನಿಂತಿದ್ದ ಅದನ್ನು ನಾನೂ ನೋಡಿದೆ. ಕಾರ್ಖಾನೆಯ ಪೆಟ್ಟಿಗೆಯ ಮೇಲಿನ ಆ ಚಿತ್ರವೇ ಎದ್ದು ಬಂದಂತಿತ್ತು.

ಇದರ ಹಾಗೆ ಬರೆ ಎಂದು ನನ್ನನ್ನು ಬಣ್ಣದವನಿಗೆ ತೋರಿಸಿದಳು. ಅವನು ನಕ್ಕ. ಪಂಚಾಯಿತಿಯ ಅಧ್ಯಕ್ಷೆ ಓಡಿಬಂದು, ಶಾಸಕರು ಬರುತ್ತಾರೆ, ಕೆಸರು ಬಳಿದರೆ ಊರಿನ ಮರ್ಯಾದೆ ಹೋಗುತ್ತದೆ ಎಂದು ಬಗೆಬಗೆಯಾಗಿ ಹೇಳಿದಳು. ಚಂದ್ರವ್ವ ಶಾಲೆಯಿಂದ ಒಂದು ಕುರ್ಚಿ ತರಿಸಿ ಕಟ್ಟೆಯ ಮುಂದೆ ಹಾಕಿಕೊಂಡು ಕೂತಳು.

"ಹೆಸರು ಅವರದು ಬರೀತೀರಿ, ಗಾಡಿ ಬ್ಯಾರೇದ್ಯಾವುದೋ ನಿಲ್ಲಸ್ತೀರಿ. ಹಿಂಗಿದ್ರ ನಾಳೆ ನಾ ಬರೂದಿಲ್ಲ. ಬ್ಯಾರೇದವರು ಕತ್ರಿ ಹಿಡದ್ರ ಅವರ ಕೈ ಹಿಡೀತೀನಿ."

ಬಿಸಿಲು ಏರಿತು. ಅಧ್ಯಕ್ಷೆ ಎರಡು ಸಲ ಬಂದು ಹೋದಳು. ಮೂರನೆಯ ಸಲ ಬಂದವಳು ಬಣ್ಣದವನಿಗೆ ಕಣ್ಣಿನಲ್ಲೇ ಹೂಂ ಎಂದಳು. ಅವನು ಗೊಣಗುತ್ತ ನನ್ನನ್ನು ಕಟ್ಟೆಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಮತ್ತೆ ಬಗ್ಗಿ ನೋಡಿದ. ಇದನ್ನು ಯಾರು ಬರೆದದ್ದು ಎಂದು ಕೇಳಿದ, ದನಿ ಬದಲಾಗಿತ್ತು. ಟ್ರೇಲರಿಗೆ ಬಣ್ಣ ಹಚ್ಚುತ್ತಿದ್ದವರು, ಈಗಿಲ್ಲ ಎಂದಳು ಚಂದ್ರವ್ವ. ಆಮೇಲೆ ಅವನು ಗೊಣಗಲಿಲ್ಲ. ಸಂಜೆಯ ಹೊತ್ತಿಗೆ ಸಿಮೆಂಟಿನ ಟ್ಯಾಂಕು ಹೊಟ್ಟೆಯವರೆಗೆ ಕೆಸರಾಗಿ, ಬಲಗಡೆ ಕಪ್ಪಾಗಿ, ಎಡಗಡೆ ಚೈನು ಹರಿದು ನಿಂತಿತು.

ಮರುದಿನ ಅವಳು ರಿಬ್ಬನ್ ಕತ್ತರಿಸಿದಳು. ಟ್ಯಾಂಕು ಇಷ್ಟೇಕೆ ಕೊಳೆಯಾಗಿದೆ ಎಂದು ಶಾಸಕರು ನಗುತ್ತ ಕೇಳಿದಾಗ, ಮೈಕಿನ ಮುಂದೆಯೇ ಹೇಳಿದಳು: "ಕೆಲಸಾ ಮಾಡಿದ ಗಾಡಿರಿ ಅದು."

ಈಗ ನಾನು ಮುದಿಯಾದೆ. ಎರಡು ಚಕ್ರ ಉದುರಿವೆ, ಅಂಟು ಹಳತಾಗಿ ಮುಟ್ಟಿದರೆ ಕಟಕಟ ಎನ್ನುತ್ತೇನೆ. ಚಂದ್ರವ್ವನ ಮಂಡಿಯೂ ಹಾಗೆಯೇ ಸದ್ದು ಮಾಡುತ್ತದೆ. ದಾಳದ ಲೆಕ್ಕದಲ್ಲಿ ಮೂರು ಸಲ ಸತ್ತವನು ನಾನು, ಹಲಗೆಯ ಮೇಲೆ ಮಾತ್ರ ಗಟ್ಟಿಯಾಗಿ ಕೂತಿದ್ದೇನೆ. ಅಲ್ಲಿ ಶಾಲೆಯ ಮುಂದೆ ಅಣ್ಣನ ಪಾಡು ಬೇರೆ. ಪ್ರತಿ ಮಳೆಗಾಲ ಅವನ ಕೆಸರನ್ನು ತೊಳೆದು ಹಾಕುತ್ತದೆ, ಒಳಗಿನ ಹಸಿರು ಇಣುಕುತ್ತದೆ. ಈ ವರ್ಷ ಇದ್ದಂತೆ ಬಿಡೋಣವೆಂದು ಪಂಚಾಯಿತಿಯವರು ಪ್ರತಿ ವರ್ಷವೂ ಅನ್ನುತ್ತಾರೆ. ಪ್ರತಿ ವರ್ಷವೂ ಚಂದ್ರವ್ವ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಬಣ್ಣದವನು ಬರುತ್ತಾನೆ. ನನ್ನನ್ನು ಸೆರಗಿನಿಂದ ಬಿಚ್ಚಿ ಅವನ ಕೈಗಿಡುವಾಗ ಅವಳು ಹೇಳುವುದು ಒಂದೇ ಮಾತು:

"ನೋಡಿ ಹಚ್ಚಪಾ."