ಹೊಗೆಯಿಲ್ಲದ ಮನೆ

ಬೆಳಕವಾಡಿ ದಾಟಿ ಶಿವನಸಮುದ್ರದ ಕಡೆಗೆ ಹೋಗುವಾಗ ನಾಲೆ ಪಕ್ಕದಲ್ಲಿ ಒಂದು ಸಣ್ಣ ಊರು. ಅಲ್ಲಿನ ಪುಟ್ಟರಾಜುವಿನ ಮನೆ ಗೋಡೆಗೆ ಮೂರು ವರ್ಷದ ಹಿಂದೆ ಒಂದು ಹಸಿರು ಬೋರ್ಡು ಬಂತು. ‘ಮಾದರಿ ಮನೆ. ಹೊಗೆಯಿಲ್ಲ, ಸೌದೆಯಿಲ್ಲ, ಸಿಲಿಂಡರ್ ಇಲ್ಲ’ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು.

ಹಾಕಿಸಿದವರು ಮೈಸೂರಿನಿಂದ ಬಂದ ಒಂದು ಪರಿಸರ ಸಂಸ್ಥೆಯವರು. ಯಾರ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತದೆ, ಎಷ್ಟು ಕರೆಂಟು, ಗಾಡಿಗೆ ಎಷ್ಟು ಪೆಟ್ರೋಲು, ವರ್ಷಕ್ಕೆ ಎಷ್ಟು ಸಿಲಿಂಡರು ಎಂದು ಮನೆಮನೆಗೂ ಹೋಗಿ ಬರೆದುಕೊಂಡು, ಒಂದೊಂದು ಮನೆಯಿಂದಲೂ ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆಂದು ಅವರು ಅಂದಾಜು ಮಾಡುತ್ತಿದ್ದರು. ಸುತ್ತಿನ ಹನ್ನೊಂದು ಹಳ್ಳಿಗಳಲ್ಲಿ ಪುಟ್ಟರಾಜುವಿನ ಮನೆಯದೇ ಎಲ್ಲಕ್ಕಿಂತ ಕಡಿಮೆ ಬಂತು. ಕಾರಣ ಹಿತ್ತಲಿನ ಗೋಬರ್ ಗ್ಯಾಸು. ಹತ್ತೊಂಬತ್ತು ವರ್ಷದ ಹಿಂದೆ ಊರಲ್ಲಿ ಏಳು ಮನೆಗಳವರು ಗುಂಡಿ ಕಟ್ಟಿಸಿದ್ದರು. ದನ ಮಾರಿದ ಮೇಲೆ ಆರು ಗುಂಡಿಗಳು ಕಸ ಸುರಿಯುವ ಹಳ್ಳಗಳಾದವು. ಇವರ ಮನೆಯದು ಮಾತ್ರ ಉರಿಯುತ್ತಲೇ ಇತ್ತು.

“ಹೇಗೆ ಸರ್ ಇಷ್ಟು ವರ್ಷ ಉಳಿಸ್ಕೊಂಡ್ರಿ?” ಎಂದು ಕೇಳಿದವರಿಗೆ ಪುಟ್ಟರಾಜು, “ಎಲ್ಲಾ ಸ್ರದ್ಧೆ ಸಾ” ಎನ್ನುತ್ತಿದ್ದ.

ಆ ಶ್ರದ್ಧೆ ಅವನ ಹೆಂಡತಿ ದೇವಿರಮ್ಮನದು. ಬೆಳಗಾಗುತ್ತಲೇ ಕೊಟ್ಟಿಗೆಯ ಸಗಣಿ ಬಾಚಿ ಮಂಕರಿಗೆ ತುಂಬಿ, ಹಿತ್ತಲಿನ ತೊಟ್ಟಿಗೆ ಸುರಿದು, ಅಷ್ಟೇ ನೀರು ಹೊಯ್ದು, ಮೊಣಕೈವರೆಗೂ ಕೈ ಇಳಿಬಿಟ್ಟು ಕಲೆಸುತ್ತಿದ್ದಳು. ಹುಲ್ಲು, ಕಲ್ಲು, ಗಂಟು ಸಿಕ್ಕಿದರೆ ಆರಿಸಿ ಎಸೆಯಬೇಕು. ಒಂದು ಹಿಡಿ ಹುಲ್ಲು ಒಳಗೆ ಹೋದರೂ ಪೈಪು ಕಟ್ಟಿಕೊಳ್ಳುತ್ತದೆ. ಮನೆಯಲ್ಲಿ ಐದು ದನ ಇದ್ದಾಗ ಸಗಣಿ ಸಾಕಾಗುತ್ತಿತ್ತು. ಎರಡಕ್ಕೆ ಇಳಿದ ಮೇಲೆ ಚಿಕ್ಕಬೋರಯ್ಯನ ಕೊಟ್ಟಿಗೆಯಿಂದ ದಿನಾ ಎರಡು ಮಂಕರಿ ಹೊತ್ತು ತರಬೇಕಾಯಿತು. ಶ್ರಾವಣದ ಶನಿವಾರ ಕೇರಿಯ ಹೆಂಗಸರೆಲ್ಲ ಟೆಂಪೋ ಮಾಡಿಕೊಂಡು ಮುತ್ತತ್ತಿಯ ದೇವಸ್ಥಾನಕ್ಕೆ ಹೊರಟರೆ, ಇವಳು ಬಾಗಿಲಲ್ಲೇ ನಿಂತು ಕಳಿಸಿಕೊಡುತ್ತಿದ್ದಳು.

“ನೀನೂ ಬಾ ಅಕ್ಕ, ಒಂದಿನ ಬುಟ್ರೆ ಏನಾಯ್ತದೆ?” ಎಂದು ಪಕ್ಕದ ಮನೆಯ ರೂಪ ಕರೆಯುತ್ತಿದ್ದಳು.

“ನಾ ಬಂದ್ಬುಟ್ರೆ ಗುಂಡಿಗಾಕೋರ್ಯಾರು ಕಣಮ್ಮಿ? ನಾಳಿಕ್ಕೆ ಯಾರೋ ಬತ್ತಾರಂತೆ ನೋಡಕೆ.”

ನೋಡಲು ಬರುವವರಿಗೆ ಕೊನೆಯೇ ಇರಲಿಲ್ಲ. ಶಾಲೆಯವರು, ಕಾಲೇಜಿನವರು, ಬೇರೆ ಜಿಲ್ಲೆಯ ರೈತರು. ಪುಟ್ಟರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಲ್ಲರನ್ನೂ ಬೋರ್ಡಿನ ಮುಂದೆ ನಿಲ್ಲಿಸಿಕೊಂಡು ಹೇಳುತ್ತಿದ್ದ. ಒಂದು ಮನೆ ಬದಲಾದರೆ ಊರು ಬದಲಾಗುತ್ತದೆ, ಊರು ಬದಲಾದರೆ ಮಳೆ ಬೆಳೆ ಹದಕ್ಕೆ ಬರುತ್ತದೆ ಎಂದು. ಅದರಲ್ಲಿ ಸುಳ್ಳಿರಲಿಲ್ಲ. ಅವನು ಅದನ್ನು ನಿಜವಾಗಿಯೂ ನಂಬಿದ್ದ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಿರಲಿಲ್ಲ, ಬೆಳಕವಾಡಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ. ಆದರೆ ಸಗಣಿ ತೊಟ್ಟಿಗೆ ಮಾತ್ರ ಒಂದು ದಿನವೂ ಕೈ ಇಟ್ಟವನಲ್ಲ. ಅದು ಹೆಂಗಸರ ಕೆಲಸ ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಬೇರೆ ಥರ ಇರಬಹುದೆಂದು ಹೊಳೆದೂ ಇರಲಿಲ್ಲ.

ಚಳಿಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸು ಸಣ್ಣಗಾಗುತ್ತಿತ್ತು. ಅನ್ನ ಹೇಗೋ ಆಗುತ್ತಿತ್ತು. ರಾಗಿ ಹಿಟ್ಟು ತೊಳಸಿ ಮುದ್ದೆ ಮಾಡುವಷ್ಟು ಉರಿ ಮಾತ್ರ ಬರುತ್ತಿರಲಿಲ್ಲ. ಹೋದ ಮಾರ್ಗಶಿರದಲ್ಲಿ ಒಂದು ಸಂಜೆ ಅವಳು ಕೇಳಿದಳು.

“ಒಂದು ಸಿಲಿಂಡರ್ ತಂದ್ಬುಡಿ ಕನಿ. ಚಳಿ ಕಳೆಯೋಗಂಟ. ಆಮೇಲೆ ಬೇಕಾದ್ರೆ ವಾಪಸ್ ಕೊಟ್ಬುಡವ.”

“ಗ್ವಾಡೆ ಮ್ಯಾಲೆ ಏನ್ ಬರ್ದವ್ರೆ ನೋಡಿದ್ದೀಯಾ? ನಾಕ್ ಜನ ಬತ್ತಾರೆ, ಒಳಗೆ ಇಣುಕ್ತಾರೆ. ಸಿಲಿಂಡರ್ ಕಂಡ್ರೆ ನನ್ ಮಕದ ಮ್ಯಾಲೆ ಉಗೀತಾರೆ.”

“ನನ್ ಕೈಲಿ ಆಯ್ತಾ ಇಲ್ಲ. ಎರಡು ಭುಜಾನೂವೆ ರಾತ್ರಿ ಎಲ್ಲಾ ಸೇದ್ತವೆ.”

“ಎಣ್ಣೆ ಆಕ್ಕಂಡು ನೀವ್ಕೊ. ಇಷ್ಟ್ ವರ್ಸ ಮಾಡಿಲ್ವಾ?”

ಅವಳು ಮತ್ತೆ ಕೇಳಲಿಲ್ಲ. ಮರುದಿನದಿಂದ ರಾಗಿ ಹಿಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ರೂಪಳ ಮನೆಗೆ ಹೋಗಿ, ಅವಳ ಸಿಲಿಂಡರಿನ ಮೇಲೆ ಮುದ್ದೆ ಮಾಡಿಕೊಂಡು ತಂದು ಗಂಡನಿಗೆ ಬಡಿಸತೊಡಗಿದಳು. ಪುಟ್ಟರಾಜುವಿಗೆ ಅದು ಗೊತ್ತಿತ್ತು. ನಮ್ಮ ಪಾತ್ರೆ ಯಾವುದು, ಅವರ ಪಾತ್ರೆ ಯಾವುದು ಎಂದು ತಿಳಿಯದ ಗಂಡಸೇನಲ್ಲ ಅವನು. ತಲೆ ತಗ್ಗಿಸಿ ಉಂಡು ಕೈ ತೊಳೆದ.

ಸಂಕ್ರಾಂತಿ ಕಳೆದ ವಾರ ಮಂಡ್ಯದ ಒಂದು ಕಾಲೇಜಿನಿಂದ ನಲವತ್ತು ವಿದ್ಯಾರ್ಥಿಗಳು ಬರುವುದಿತ್ತು. ಅವತ್ತು ಬೆಳಗ್ಗೆ ಒಲೆ ಹಚ್ಚಿದರೆ ಜ್ವಾಲೆ ಬೆರಳುದ್ದವೂ ಏಳಲಿಲ್ಲ.

“ಚಿಕ್ಕಬೋರಣ್ಣನ ಕೊಟ್ಟಿಗೆಯಿಂದ ಇನ್ನೂ ಎರಡು ಮಂಕರಿ ಜಾಸ್ತಿ ತಂದ್ ಆಕು. ಬಂದೋರ್ ಮುಂದೆ ಒಲೆ ಉರೀಬೇಕು” ಎಂದ ಪುಟ್ಟರಾಜು.

“ಬಲಗೈ ಯಾಕೋ ಜೋಮು ಇಡ್ದಂಗದೆ ಕನಿ. ಲೋಟ ಇಡ್ಕಂಡ್ರೆ ಜಾರೋಯ್ತದೆ.”

“ಚಳಿಗೆ ಕಣಮ್ಮಿ. ನಾಕ್ ಹೆಜ್ಜೆ ಓಡಾಡಿದ್ರೆ ಸರಿಯಾಯ್ತದೆ.”

ಅಂದು ಸಗಣಿ ಹಾಕಿದರೆ ಅಂದೇ ಗ್ಯಾಸು ಬರುವುದಿಲ್ಲ, ಅದಕ್ಕೆ ದಿನಗಳೇ ಬೇಕು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ವಾದ ಮಾಡಲು ಶಕ್ತಿ ಇರಲಿಲ್ಲವೋ, ಬೇಡವೆನಿಸಿತೋ, ಅವಳು ಮಂಕರಿ ಎತ್ತಿಕೊಂಡು ಹೋದಳು.

ಹನ್ನೊಂದು ಗಂಟೆಗೆ ಬಸ್ಸು ಬಂತು. ಪುಟ್ಟರಾಜು ಬೋರ್ಡಿನ ಮುಂದೆ ನಿಂತು ಮಾತು ಶುರು ಮಾಡಿದ. ಹುಡುಗರು ಬರೆದುಕೊಳ್ಳುತ್ತಿದ್ದರು. ಅವರ ಮೇಷ್ಟ್ರು ಸುಹಾಸ್ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದರು. ಮಾತಿನ ನಡುವೆ ಒಬ್ಬ ಹುಡುಗಿ ಹಿತ್ತಲ ಕಡೆಯಿಂದ ಓಡಿಬಂದಳು.

“ಅಂಕಲ್, ಹಿಂದ್ಗಡೆ ಆಂಟಿ ಬಿದ್ದಿದಾರೆ. ಮಾತಾಡ್ತಿಲ್ಲ.”

ದೇವಿರಮ್ಮ ತೊಟ್ಟಿಯ ಪಕ್ಕದಲ್ಲಿ ಮಗ್ಗುಲಾಗಿ ಬಿದ್ದಿದ್ದಳು. ಮಂಕರಿ ಕವುಚಿಕೊಂಡಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ಕಣ್ಣು ತೆರೆದೇ ಇತ್ತು. ಕೈಗೆ ಮೆತ್ತಿದ್ದ ಸಗಣಿ ಆಗಲೇ ಒಣಗತೊಡಗಿದ್ದುದನ್ನು ಪುಟ್ಟರಾಜು ನೋಡಿದ. ಎಷ್ಟು ಹೊತ್ತಿನಿಂದ ಹೀಗೆ ಬಿದ್ದಿದ್ದಾಳೆಂದು ಹೇಳುವವರು ಯಾರೂ ಇರಲಿಲ್ಲ.

ಸುಹಾಸ್ ಮೇಷ್ಟ್ರು ಕಾಲೇಜಿನ ಬಸ್ಸಿನಲ್ಲೇ ಅವಳನ್ನು ಮಲಗಿಸಿಕೊಂಡು ಮಳವಳ್ಳಿಗೆ ಹೊರಟರು. ಹುಡುಗರೆಲ್ಲ ಇಳಿದು ರಸ್ತೆ ಬದಿಯಲ್ಲಿ ನಿಂತರು. ಮಳವಳ್ಳಿಯಿಂದ ಮಂಡ್ಯಕ್ಕೆ ಕಳಿಸಿದರು. ಅಲ್ಲಿನ ಡಾಕ್ಟರು ಲಕ್ವ ಎಂದರು.

“ಯಾವಾಗ ಶುರುವಾಯ್ತು? ಮೊದಲೇ ಏನಾದ್ರೂ ಹೇಳಿದ್ರಾ?” ಎಂದು ಅವರು ಕೇಳಿದಾಗ ಪುಟ್ಟರಾಜು ಗೋಡೆ ನೋಡಿದ. ಸಗಣಿ ಚಿಮ್ಮಿದ್ದ ಬಿಳಿ ಅಂಗಿಯನ್ನು ಅವನು ಇನ್ನೂ ಬದಲಾಯಿಸಿರಲಿಲ್ಲ.

“ಬೆಳಗ್ಗೆ ಜೋಮು ಅಂದಿದ್ಲು ಸಾ” ಎಂದ ಕೊನೆಗೆ.

ಡಾಕ್ಟರು ಅದನ್ನು ಬರೆದುಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು.

ಮೂರು ವಾರದ ಮೇಲೆ ದೇವಿರಮ್ಮ ಮನೆಗೆ ಬಂದಳು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತು ಪೂರ್ತಿ ನಿಂತಿತ್ತು. ಮಗಳು ಗಗನ ಮದ್ದೂರಿನಲ್ಲಿ ಗಂಡನ ಮನೆಯಲ್ಲಿದ್ದವಳು, ಹೋಗುತ್ತಿದ್ದ ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದಳು. ಬರುವಾಗ ಆಟೋದಲ್ಲಿ ಒಂದು ಸಿಲಿಂಡರನ್ನೂ ಸ್ಟವ್ವನ್ನೂ ಹಾಕಿಕೊಂಡೇ ಬಂದಳು.

“ಏನಾರ ಅಂದ್ರೆ ನಾನು ಸುಮ್ಕಿರಕಿಲ್ಲ ಕಣಪ್ಪ” ಎಂದಳು ಅಡುಗೆಮನೆಯಲ್ಲಿ ಅದನ್ನು ಇಳಿಸುತ್ತ.

ಪುಟ್ಟರಾಜು ಮುಂದೆ ಬಂದು ಸ್ಟವ್ವಿಗೆ ಟ್ಯೂಬು ಸಿಕ್ಕಿಸಿಕೊಟ್ಟ.

ಮಾರನೆಯ ಬೆಳಗ್ಗೆ ಅವನು ಪಂಚೆ ಮೇಲಕ್ಕೆ ಕಟ್ಟಿ ಕೊಟ್ಟಿಗೆಗೆ ಹೋದ. ಯಾರೂ ಹೇಳಿರಲಿಲ್ಲ. ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ಮಂಕರಿ ಹೊತ್ತು ತೊಟ್ಟಿಗೆ ಸುರಿದು ಕೈ ಇಳಿಬಿಟ್ಟಾಗ ನೀರಿನ ಚಳಿ ಮೂಳೆಗೆ ಇಳಿಯಿತು. ಗಂಟು ಒಡೆಯುವಾಗ ಬೆರಳಿನ ಸಂದಿಗಳು ನೋಯುತ್ತವೆಂದು ಅವನಿಗೆ ಗೊತ್ತಿರಲಿಲ್ಲ. ಮೂರನೇ ದಿನ ಸೊಂಟ ಹಿಡಿಯಿತು. ತೊಟ್ಟಿಯ ಒಂದು ಪಕ್ಕದಲ್ಲಿ ಸಿಮೆಂಟು ಸವೆದು ನುಣ್ಣಗಾಗಿತ್ತು. ಅಲ್ಲಿಗೆ ಮಗ್ಗುಲು ಆನಿಸಿಕೊಂಡರೆ ಬಗ್ಗಲು ಹಗುರ ಎಂದು ತಿಳಿಯಲು ಅವನಿಗೆ ಒಂದು ವಾರ ಬೇಕಾಯಿತು.

ಹಿತ್ತಲಿನ ಕಿಟಕಿಯ ಪಕ್ಕದಲ್ಲೇ ದೇವಿರಮ್ಮನ ಮಂಚ. ಅವನು ಕಲೆಸುತ್ತಿದ್ದರೆ ಅವಳು ಅಲ್ಲಿಂದ ನೋಡುತ್ತಿದ್ದಳು. ಅವನೂ ಆಗಾಗ ತಲೆಯೆತ್ತಿ ಕಿಟಕಿ ಕಡೆ ನೋಡುತ್ತಿದ್ದ. ಅವಳ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ.

“ಸಿಲಿಂಡರ್ ಬಂದದಲ್ಲ, ಇನ್ಯಾಕಪ್ಪಾ ಇದು? ಅಡುಗೆ ಮಾಡೋಳು ನಾನು, ನಂಗೆ ಬ್ಯಾಡ” ಎಂದಳು ಗಗನ ಒಂದು ದಿನ.

“ಇರ್ಲಿ ಬುಡವ್ವ. ನಿಮ್ಮವ್ವ ನೋಡ್ತಾವ್ಳೆ.”

ಜೂನ್ ತಿಂಗಳಲ್ಲಿ ಸಂಸ್ಥೆಯವರು ಮತ್ತೆ ಲೆಕ್ಕ ಬರೆದುಕೊಳ್ಳಲು ಬಂದರು. ಈ ಸಲ ಬಂದವಳು ದೀಪಶ್ರೀ ಎಂಬ ಹೊಸ ಹುಡುಗಿ. ಕೈಯಲ್ಲಿ ಫಾರಮ್ಮು. ಜಗಲಿಯ ಮೇಲೆ ಕೂತು ಒಂದೊಂದಾಗಿ ಕೇಳಿದಳು. ಸೌದೆ? ಇಲ್ಲ. ಗೋಬರ್ ಗ್ಯಾಸು? ಅದೆ. ಸಿಲಿಂಡರು?

“ಅದೆ. ಬರ್ಕಳಿ” ಎಂದ ಪುಟ್ಟರಾಜು. “ಇನ್ನೊಂದ್ ಬರ್ಕಳಮ್ಮ. ಈ ಗುಂಡೀಗೆ ಹತ್ತೊಂಬತ್ತು ವರ್ಸ ದಿನಾ ಸಗಣಿ ಕಲಸ್ದೋಳು ನನ್ ಹೆಂಡ್ತಿ. ನಾನಲ್ಲ. ನಾನು ನಿಂತ್ಕಂಡು ಮಾತಾಡ್ದೋನು. ಅವಳು ಆಗಕಿಲ್ಲ ಅಂದ್ಲು, ನಾನು ಕೇಳ್ನಿಲ್ಲ. ಒಳಗೆ ಮನಗವ್ಳೆ, ಬೇಕಾದ್ರೆ ನೋಡಿ.”

ಹುಡುಗಿಯ ಪೆನ್ನು ನಿಂತಿತು. ಫಾರಮ್ಮನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು.

“ಇದನ್ನ ಬರೆಯೋಕೆ ಇಲ್ಲಿ ಜಾಗ ಇಲ್ಲ ಸರ್” ಎಂದಳು ಸಣ್ಣ ದನಿಯಲ್ಲಿ. ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದಳು. ಆಮೇಲೆ ಒಳಗೆ ಹೋಗಿ ಮಂಚದ ಹತ್ತಿರ ನಿಂತು ಕೈಮುಗಿದಳು. ಕಾಫಿ ಕುಡಿಯದೆ ಹೊರಟುಹೋದಳು.

ಆ ಹೊತ್ತಿಗೆ ದೇವಿರಮ್ಮನಿಗೆ ನಾಲ್ಕೈದು ಮಾತು ಮರಳಿ ಬಂದಿದ್ದವು. ನೀರು, ಸಾಕು, ಗಗನ. ಅವತ್ತು ಮಧ್ಯಾಹ್ನ ಪುಟ್ಟರಾಜು ತಟ್ಟೆ ಹಿಡಿದು ಮಂಚದ ಅಂಚಿಗೆ ಕೂತ. ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಸಾರಿನಲ್ಲಿ ಅದ್ದಿ ಅವಳ ಬಾಯಿಗಿಡುತ್ತಿದ್ದ. ಜಗಲಿಯಲ್ಲಿ ಆಡಿದ ಮಾತು ಅವಳಿಗೂ ಕೇಳಿಸಿತ್ತು. ಹಾಗಾಗಿ ಎದೆಯೊಳಗಿನ ಭಾರ ಸ್ವಲ್ಪ ಇಳಿದಿತ್ತು ಅವನಿಗೆ. ಅವಳ ಎಡಗೈ ಹಿಡಿದುಕೊಂಡ.

“ಅಷ್ಟೊಂದು ನೋವಿತ್ತಲ್ಲ, ಒಂದ್ ಮಾತು ಗಟ್ಟಿಯಾಗಿ ಯೋಳಿದ್ರೆ ಆಯ್ತಿರ್ನಿಲ್ವಾ ದೇವೀರಿ? ನಾನೇನು ಕಲ್ಲಾ?”

ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು. ತುಟಿ ಒಂದೇ ಕಡೆ ಅಲುಗಿತು. ಮಾತು ತಿರುಚಿಕೊಂಡು ಬಂತು, ಆದರೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

“ಯೋ... ಯೋಳಿದ್ದೆ.”

ಅವಳು ಕೈ ಬಿಡಿಸಿಕೊಂಡಳು. ಇನ್ನೊಂದು ತುತ್ತು ಮುಂದೆ ಹಿಡಿದರೆ ಬಾಯಿ ತೆರೆಯಲಿಲ್ಲ. ಅವನು ತಟ್ಟೆ ಎತ್ತಿಕೊಂಡು ಹೋಗಿ, ಅಡುಗೆಮನೆಯಲ್ಲಿ ಗಗನಳಿಗೆ ಬೆನ್ನು ಮಾಡಿ ತೊಳೆದಿಟ್ಟ.

ಮರುದಿನ ಬೆಳಗ್ಗೆ ಅವನು ಸಗಣಿ ಹೊತ್ತು ಹಿತ್ತಲಿಗೆ ಹೊರಟಾಗ ಗಗನ ಕರೆದಳು.

“ಅಪ್ಪಾ, ಒಂಚೂರು ಬಾ. ಅವ್ವ ಮಂಚ ತಿರುಗ್ಸು ಅಂತ ಕೈ ಮಾಡ್ತಾವ್ಳೆ. ಕಿಟಕಿ ಬ್ಯಾಡ್ವಂತೆ.”

ಪುಟ್ಟರಾಜು ಮಂಕರಿ ಇಳಿಸಿ ಕೈ ತೊಳೆದು ಬಂದ. ದೇವಿರಮ್ಮ ಅವನ ಕಡೆ ನೋಡಲಿಲ್ಲ. ಎಡಗೈಯಿಂದ ಎದುರು ಗೋಡೆಯನ್ನು ತೋರಿಸಿದಳು. ಅಪ್ಪ ಮಗಳು ಇಬ್ಬರೂ ಸೇರಿ ಮಂಚವನ್ನು ಎತ್ತಿ, ಅವಳು ಅಲುಗದಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿದರು. ಈಗ ಅವಳ ಬೆನ್ನು ಕಿಟಕಿಗಿತ್ತು.

ಅವನು ಹಿತ್ತಲಿಗೆ ಹೋಗಿ ನೀರು ಹೊಯ್ದು ಕಲೆಸತೊಡಗಿದ. ನಡುವೆ ಎರಡು ಸಲ ಅಭ್ಯಾಸಬಲದಿಂದ ತಲೆಯೆತ್ತಿದ. ಕಿಟಕಿಯಲ್ಲಿ ಅವಳ ನರೆತ ಕೂದಲಿನ ಗಂಟು ಮಾತ್ರ ಕಾಣುತ್ತಿತ್ತು. ಮತ್ತೆ ಬಗ್ಗಿ, ತಳದಲ್ಲಿ ಉಳಿದಿದ್ದ ಹುಲ್ಲನ್ನು ಒಂದೊಂದೇ ಎಳೆ ಆರಿಸಿ ತೆಗೆದ.