ಅಕ್ಷರ ಹೋದ ರೂಪಾಯಿ

ನನಗೆ ಸಿಟ್ಟು ಬೇಗ ಬರುತ್ತದೆ. ಕೊಳ್ಳೇಗಾಲದಲ್ಲಿ ಅಪ್ಪ ಬಿಟ್ಟುಹೋದ ಗಡಿಯಾರ ರಿಪೇರಿ ಅಂಗಡಿಯನ್ನು ಇಪ್ಪತ್ತೆರಡು ವರ್ಷದಿಂದ ಒಬ್ಬಳೇ ನಡೆಸುತ್ತಿರುವ ಹೆಂಗಸಿಗೆ ಸಿಟ್ಟು ಬರದೆ ಇನ್ನಾರಿಗೆ ಬರಬೇಕು? ಅದರಲ್ಲೂ ಈಗ ಗಡಿಯಾರ ತರುವವರಿಗಿಂತ ನಾಣ್ಯ ತರುವವರೇ ಹೆಚ್ಚು. ಹಳೇ ನಾಣ್ಯ ಕೂಡಿಡುವ ಹುಚ್ಚು ನನಗಿದೆ ಅಂತ ಊರಿಗೆಲ್ಲ ಗೊತ್ತು. ಯಾವನೋ ಮೊಬೈಲಿನಲ್ಲಿ ಕೂತು ‘ಈ ಎರಡು ರೂಪಾಯಿ ನಿಮ್ಮ ಮನೆಯಲ್ಲಿದ್ದರೆ ನೀವು ಲಕ್ಷಾಧಿಪತಿ’ ಅಂತ ಒದರಿದರೆ ಸಾಕು, ಮರುದಿನ ನನ್ನ ಬಾಗಿಲಲ್ಲಿ ಸಾಲು. ‘ನಾಗಶ್ರೀ ಮೇಡಂ, ಸ್ವಲ್ಪ ನೋಡಿ’ ಅಂತ ಜೇಬಿನಿಂದ ತೆಗೆಯುತ್ತಾರೆ. ಹೆಚ್ಚಿನವನ್ನು ಟೀ ಅಂಗಡಿಯಲ್ಲಿ ಕೊಟ್ಟು ಟೀ ಕುಡಿಯಿರಿ ಅಂತ ಕಳಿಸುತ್ತೇನೆ.

ಬಂದವರಿಗೆಲ್ಲ ನನ್ನದು ಒಂದೇ ಪಾಠ. ನಾಣ್ಯದಲ್ಲಿ ಏನೋ ವಿಚಿತ್ರ ಕಂಡರೆ ಕಾರಣ ಮೂರೇ. ಒಂದು, ಟಂಕಸಾಲೆಯಲ್ಲಿ ಅಚ್ಚು ಬೀಳುವಾಗಲೇ ಆದ ತಪ್ಪು. ಅದು ಹುಟ್ಟಿನಿಂದ ಬಂದದ್ದು, ಕೂಡಿಡುವವರು ಬೆಲೆ ಕೊಡುವುದು ಅದಕ್ಕೆ ಮಾತ್ರ. ಇನ್ನೊಂದು, ಹುಟ್ಟಿದ ಮೇಲೆ ಬಿದ್ದ ಪೆಟ್ಟು. ಉಳಿದದ್ದು ಯಾರೋ ಬೇಕೆಂದೇ ಮಾಡಿದ ಮೋಸ. ಯಳಂದೂರಿನ ಶಿವರತ್ನಮ್ಮ ಎಂಬಾಕೆ ನಡುವೆ ತೂತಿರುವ ಐದು ರೂಪಾಯಿಯನ್ನು ರೇಷ್ಮೆ ತುಂಡಿನಲ್ಲಿ ಸುತ್ತಿ ತಂದಿದ್ದರು. ಆ ತೂತು ಅವರ ಅಳಿಯನ ವೆಲ್ಡಿಂಗ್ ಶಾಪಿನಲ್ಲಿ ಬಿದ್ದದ್ದು ಅಂತ ತಿಳಿಯಲು ನನಗೆ ಒಂದು ನಿಮಿಷ ಹಿಡಿಯಲಿಲ್ಲ. ಒಂದು ನಿಮಿಷ ಸಾಕು ಎಂಬ ಆ ಜಂಬ ನನಗೆ ಬಹಳ ವರ್ಷ ಇತ್ತು. ಲೊಕ್ಕನಹಳ್ಳಿಯ ಅತ್ತೆ ಸೊಸೆ ಬರುವ ತನಕ ಇತ್ತು.

ಅವರು ಬಂದದ್ದು ಕಾರ್ತಿಕದ ಒಂದು ಶನಿವಾರ, ಮಧ್ಯಾಹ್ನದ ಬಸ್ಸಿಗೆ. ಮುಂದೆ ಅತ್ತೆ ಚಿಕ್ಕಬಸಮ್ಮ, ಅರವತ್ತು ದಾಟಿದ ಗಟ್ಟಿ ಆಳು, ಕಣ್ಣಿನ ಆಪರೇಷನ್ ಆದವರಿಗೆ ಕೊಡುವ ಕಪ್ಪು ಕನ್ನಡಕ. ಎರಡು ಮಾರು ಹಿಂದೆ ಸೊಸೆ ರತ್ನ, ಕಂಕುಳಲ್ಲಿ ವರ್ಷ ತುಂಬಿದ ಹೆಣ್ಣುಮಗು. ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದವರು ಅಂತ ನೋಡಿದರೇ ತಿಳಿಯುತ್ತಿತ್ತು.

“ಅನೂರ್ನಲ್ಲಿ ಬೆಳ್ಳಿ ಅಂಗ್ಡಿ ಮಲ್ಲಿಕಾರ್ಜುನಸ್ವಾಮಿಗಳು ನಿಮ್ಮ ತಾವ್ಕೇ ಓಗಿ ಅಂದ್ರು ಕಣವ್ವ,” ಅಂದರು ಚಿಕ್ಕಬಸಮ್ಮ. “ಮಾರಕ್ ಬಂದಿಲ್ಲ. ಇದು ನಮ್ಮ್ ರೂಪಾಯೋ, ಬ್ಯಾರೆ ರೂಪಾಯೋ, ಅಷ್ಟ್ ಯೋಳ್ಬುಡಿ ಸಾಕು.”

ಸೊಂಟದ ಚೀಲದಿಂದ ಅರಿಸಿನದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಹಳೇ ಬೆಳ್ಳಿ ರೂಪಾಯಿ. ಒಂದು ಕಡೆ ಕಿರೀಟ, ಗಡ್ಡ ಇರುವ ಬಿಳಿ ರಾಜನ ತಲೆ, ಚೆನ್ನಾಗಿಯೇ ಇತ್ತು. ತಿರುಗಿಸಿದೆ. ಆ ಕಡೆ ಏನೂ ಇರಲಿಲ್ಲ. ಅಕ್ಷರವಿಲ್ಲ, ಇಸವಿಯಿಲ್ಲ, ಸುತ್ತಲಿನ ಹೂಬಳ್ಳಿಯೂ ಇಲ್ಲ. ನುಣ್ಣನೆ ಬೆಳ್ಳಿ.

“ನಮ್ಮವ್ವ ಕೊಟ್ಟಿದ್ ರೂಪಾಯಿ,” ಅಂದರು ಆಕೆ. “ನನ್ ಮಗ ಶಿವರಾಜು ಮೂರ್ ವರ್ಸದ ಕೂಸಾಗಿದ್ದಾಗ ಪಿಟ್ಸ್ ಬರದು, ಕೈಕಾಲ್ ಸೆಟ್ಕಳದು. ಆಗ ಇದ್ನ ಮಾದಪ್ಪನ ಪಾಲು ಅಂತ ಎತ್ತಿಕ್ಕಿ ಅರಕೆ ಕಟ್ಕಂಡೆ. ಇವ್ನು ಉಳ್ಕಂಡು, ಇವ್ನಿಗೊಂದ್ ಕುಡಿ ಆದ್ರೆ ಬೆಟ್ಟಕ್ ತಂದು ಉಂಡೀಗಾಕ್ತೀನಿ ಅಂತ. ಈಗ ಮೊಮ್ಮಗು ಆಯ್ತು. ನಾಡಿದ್ದು ಸ್ವಾಮಾರ ಓಗ್ಬೇಕು. ಓದ್ ತಿಂಗ್ಳು ಕಣ್ಣಾಪ್ರೇಸನ್ ಮಾಡುಸ್ಕಂಡು ಬಂದು ಗಂಟ್ ಬಿಚ್ಚಿ ನೋಡ್ತೀನಿ, ಈ ಕಡೀಕಿದ್ ಬಳ್ಳಿ ಇಲ್ಲ, ಅಕ್ಸರ ಇಲ್ಲ. ರೂಪಾಯಿ ಬದ್ಲಾಯ್ಸವ್ರೆ. ಮಾದಪ್ಪಂಗೆ ಕಳ್ ರೂಪಾಯಿ ಆಕುದ್ರೆ ನನ್ ಮಗ ಉಳಿದಾನಾ?”

ಬದಲಾಯಿಸಿದವರು ಯಾರು ಅಂತ ಆಕೆ ಹೇಳಲಿಲ್ಲ. ಕಪ್ಪು ಕನ್ನಡಕ ಮಾತ್ರ ಹಿಂದಕ್ಕೆ ತಿರುಗಿತು.

“ನಾನೇಯ ಮೇಡಂ, ಇವರ ಲೆಕ್ಕದಲ್ಲಿ ಕಳ್ಳಿ,” ಅಂದಳು ರತ್ನ. ದನಿ ಏರಿಸಲಿಲ್ಲ. “ಮದ್ವೆಯಾಗ್ ಬಂದು ನಾಕ್ ವರ್ಸ ಆಯ್ತು, ಆ ಗಂಟ ನಾನ್ ಮುಟ್ಟಿಲ್ಲ. ಬೀದಿಗೆಲ್ಲಾ ಯೋಳವ್ರೆ. ಸ್ವಾಮಾರ ಬೆಟ್ಟದಲ್ಲಿ ಮಗೀನ್ ತಲೆ ಮ್ಯಾಲೆ ಕೈ ಮಡಗಿ ಆಣೆ ಇಕ್ಬೇಕಂತೆ. ಮುಟ್ದೆ ಇದ್ರೆ ಯಾಕ್ ಎದ್ರಿಕೆ ಅಂತಾರೆ. ಎದ್ರಿಕೆ ಆಯ್ತದೆ. ನನ್ ಕೂಸು ಅದು. ನಮ್ಮೆಜಮಾನ್ರು ಅವ್ವಂಗೂ ಏನೂ ಅನ್ನಾಕಿಲ್ಲ, ನಂಗೂ ಏನೂ ಅನ್ನಾಕಿಲ್ಲ.”

ಮಾದಪ್ಪ ಅಂದರೆ ಮಲೆ ಮಹದೇಶ್ವರ. ಅವನ ಬೆಟ್ಟದಲ್ಲಿ ಮಗುವಿನ ತಲೆ ಮುಟ್ಟಿ ಇಟ್ಟ ಆಣೆ ಅಂದರೆ ನಮ್ಮ ಸೀಮೆಯಲ್ಲಿ ಏನು ಅಂತ ನನಗೂ ಗೊತ್ತು. ತಪ್ಪು ಮಾಡದವರೂ ಆಮೇಲೆ ಮಗುವಿಗೆ ಒಂದು ಕೆಮ್ಮು ಬಂದರೆ ಎದೆ ಹಿಡಿದುಕೊಂಡು ಬದುಕಬೇಕು. ಆದರೂ ನನಗೆ ಆಗ ರತ್ನಳ ಮೇಲೆ ಕನಿಕರಕ್ಕಿಂತ ನಾಣ್ಯದ ಮೇಲೆ ಆಸೆಯೇ ಹೆಚ್ಚಾಗಿತ್ತು. ಹುಟ್ಟುವಾಗಲೇ ಒಂದು ಮುಖಕ್ಕೆ ಅಚ್ಚು ಬೀಳದ ಬೆಳ್ಳಿ ರೂಪಾಯಿಯನ್ನು ನಾನು ಚಿತ್ರದಲ್ಲಿ ಬಿಟ್ಟರೆ ಕಂಡವಳಲ್ಲ.

ಬೆರಳ ತುದಿಯಲ್ಲಿ ತೂಗಿಸಿ ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿದೆ. ಬೆಳ್ಳಿಯ ದನಿ ಎಳೆದುಕೊಂಡು ಹೋಯಿತು. ಅಂಚಿನ ಗೀರುಗಳೆಲ್ಲ ಸಮವಾಗಿದ್ದವು. ಎರಕ ಹೊಯ್ದ ಕಳ್ಳ ನಾಣ್ಯಕ್ಕೆ ಮೈಮೇಲೆ ಸೂಜಿಮೊನೆಯಂಥ ಗುಳಿಗಳಿರುತ್ತವೆ, ಇದಕ್ಕಿರಲಿಲ್ಲ. ಮೋಸದ್ದಲ್ಲ ಅಂತ ಖಾತ್ರಿಯಾಯಿತು. ಇನ್ನು ತಕ್ಕಡಿ. ಆ ಕಾಲದ ರೂಪಾಯಿ ಸರಿಯಾಗಿ ಒಂದು ತೊಲ ತೂಗಬೇಕು, ಹನ್ನೊಂದೂ ಮುಕ್ಕಾಲು ಗ್ರಾಂಗೆ ಕೂದಲೆಳೆ ಕಡಿಮೆ. ನನ್ನ ಎಲೆಕ್ಟ್ರಾನಿಕ್ ತಕ್ಕಡಿ ಹತ್ತೂಕಾಲು ಗ್ರಾಂ ಸಹ ತೋರಿಸಲಿಲ್ಲ. ಅಚ್ಚು ಬೀಳದೆ ಹುಟ್ಟಿದ್ದಾದರೆ ಅಕ್ಷರ ಇರುವುದಿಲ್ಲ, ಬೆಳ್ಳಿ ಪೂರ್ತಿ ಇರುತ್ತದೆ. ಅಲ್ಲಿಗೆ ನನ್ನ ಆಸೆ ಮಣ್ಣುಪಾಲಾಯಿತು. ಆ ಬೇಸರದಲ್ಲಿ ಬಾಯಿ ನನ್ನ ಕೈ ಮೀರಿತು.

“ರೂಪಾಯಿ ಅಸಲಿ. ಆದ್ರೆ ಒಂದೂವರೆ ಗ್ರಾಂ ಬೆಳ್ಳಿ ಇದ್ರಲ್ಲಿಲ್ಲ. ಯಾರೋ ಒಂದು ಮುಖ ಉಜ್ಜಿ ತೆಗ್ದಿದ್ದಾರೆ.”

“ಕೇಳುಸ್ಕಂಡ್ಯಾ?” ಅಂದರು ಚಿಕ್ಕಬಸಮ್ಮ, ಸೊಸೆಯ ಕಡೆ ನೋಡದೆ.

ರತ್ನ ಅಳಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತು, ಮಗುವಿನ ನೆತ್ತಿಯ ಮೇಲೆ ತನ್ನ ಅಂಗೈ ಮುಚ್ಚಿದಳು, ಅದರ ಮೇಲೆ ಬೇರೆ ಏನೂ ಬೀಳಬಾರದು ಎಂಬಂತೆ. ಮಗು ಆಟವೆಂದುಕೊಂಡು ನಕ್ಕಿತು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಮಾತು ಯಾರ ಮನೆಯನ್ನೂ ಮುರಿದಿರಲಿಲ್ಲ.

ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮತ್ತೆ ನೋಡಿದೆ. ಈ ಸಲ ನಿಧಾನವಾಗಿ ನೋಡಿದೆ. ಅರ ಹಾಕಿದರೆ ಗೆರೆ ಉಳಿಯುತ್ತದೆ. ಎಮೆರಿ ಕಾಗದದಲ್ಲಿ ತಿಕ್ಕಿದರೂ ಉಳಿಯುತ್ತದೆ, ಎಷ್ಟೇ ಪಾಲಿಶ್ ಕೊಟ್ಟರೂ ಮೂಲೆಯಲ್ಲೆಲ್ಲಾದರೂ ಒಂದು ಗೆರೆ ಸಿಗುತ್ತದೆ. ಇಲ್ಲಿ ಒಂದೂ ಇರಲಿಲ್ಲ. ಬೆಳಕು ಎಲ್ಲೂ ತಡೆಯದೆ ಜಾರುತ್ತಿತ್ತು. ನಾಣ್ಯವನ್ನು ಓರೆಯಾಗಿ ಹಿಡಿದಾಗ ಅದು ಸಮತಟ್ಟಲ್ಲ ಅಂತ ಕಂಡಿತು. ಅರೆಯುವ ಕಲ್ಲಿನ ನಡುವೆ ಇರುವಂಥ ಒಂದು ತಗ್ಗು. ಅದೂ ಸರಿಯಾಗಿ ನಡುವಿಗಿಲ್ಲ, ಎಡಕ್ಕೆ ವಾಲಿತ್ತು.

“ಅಜ್ಜಿ, ಇದನ್ನ ಯಾರ್ಯಾರು ಮುಟ್ತಾರೆ?”

“ನಾನ್ ಬುಟ್ರೆ ಯಾರೂ ಮುಟ್ಟಂಗಿಲ್ಲ.”

“ನೀವು ಯಾಕೆ ಮುಟ್ತೀರಿ?”

ಆಕೆಗೆ ನನ್ನ ಪ್ರಶ್ನೆಯೇ ಸೋಜಿಗವಾಯಿತು. “ಧೂಳ್ತ ಇಕ್ಬೇಕಲ್ಲವ್ವ.”

ಧೂಳ್ತ ಅಂದರೆ ಮಾದಪ್ಪನ ವಿಭೂತಿ. ಅವರ ಮನೆತನದಲ್ಲಿ ಹರಕೆಯ ಕಾಸು ಹುಂಡಿ ಸೇರುವ ತನಕ ಸುಮ್ಮನೆ ಗಂಟಿನಲ್ಲಿ ಕೂರುವುದಿಲ್ಲವಂತೆ. ದಿನಾ ಬೆಳಗಾಗೆದ್ದು, ಮುಖ ತೊಳೆದು, ರಾಜನ ಮುಖ ಕೆಳಗಾಗುವಂತೆ ಎಡ ಅಂಗೈಯಲ್ಲಿಟ್ಟುಕೊಂಡು, ಮೇಲೆ ಒಂದು ಚಿಟಿಕೆ ಧೂಳ್ತ ಹಾಕಿ, ಹೆಬ್ಬೆರಳಿನಿಂದ ನೂರೊಂದು ಸುತ್ತು ಉಜ್ಜಬೇಕು. ಒಂದು ಸುತ್ತಿಗೆ ಒಂದು ಸಲ ಮಾದಪ್ಪನ ಹೆಸರು. ಆಮೇಲೆ ಆ ಧೂಳ್ತವನ್ನು, ಯಾರಿಗಾಗಿ ಹರಕೆ ಹೊತ್ತರೋ ಆ ಮಗುವಿನ ಹಣೆಗೆ ಇಡಬೇಕು.

“ರಾಜನ ಮುಖ ಯಾಕೆ ಕೆಳಗೆ?”

“ಮನುಸ್ರ ಮಕ ಉಜ್ಜಬಾರ್ದು. ಅಕ್ಸರಕ್ಕೇನು, ನಂಗ್ ಓದಕ್ ಬಂದದಾ?”

“ಒಂದು ದಿನವೂ ತಪ್ಪಿಸಿಲ್ವಾ?”

“ನನ್ ಮಗ ಲಾರೀಲಿ ಲೋಡ್ ತಕಂಡು ಊರ್ಮ್ಯಾಕ್ ಓದ್ ದಿನ ಅವ್ನ ಅಂಗಿಗ್ ಇಕ್ತಿದ್ದೆ. ಅವ್ನಿಗೆ ಈಗ ಮೂವತ್ತೊಂದು.”

ಮೂರರಿಂದ ಮೂವತ್ತೊಂದು. ಇಪ್ಪತ್ತೆಂಟು ವರ್ಷ, ಹತ್ತು ಸಾವಿರ ಬೆಳಗು, ಬೆಳಗಿಗೆ ನೂರೊಂದು ಸುತ್ತು. ಲೆಕ್ಕ ಹತ್ತು ಲಕ್ಷ ಮುಟ್ಟಿತು.

“ಕಣ್ಣಿಗೆ ಪೊರೆ ಬಂದು ಎಷ್ಟು ವರ್ಷವಾಗಿತ್ತು ಅಜ್ಜಿ?”

“ಎಂಟೊಂಬತ್ ವರ್ಸದಿಂದ ಎಲ್ಲಾ ಮಂಜು. ಗುಂಡಗಿರದು ರೂಪಾಯಿ ಅಂತ ಕೈಗ್ ಗೊತ್ತಾಯ್ತಿತ್ತು, ಅಷ್ಟೇಯ.”

ನಾನು ದೇವರ ಪಟದ ಮುಂದಿನ ವಿಭೂತಿ ಗಟ್ಟಿಯಿಂದ ಒಂದಿಷ್ಟು ಪುಡಿ ಮಾಡಿದೆ. ಅರ್ಧವನ್ನು ಬಿಳಿ ಕಾಗದದ ಮೇಲೆ ಹಾಗೇ ಇಟ್ಟೆ. ಇನ್ನರ್ಧವನ್ನು ನಾಣ್ಯದ ಮೇಲೆ ಹಾಕಿ ಚಿಕ್ಕಬಸಮ್ಮನ ಕೈಗೆ ಕೊಟ್ಟು, ದಿನಾ ಮಾಡುವಂತೆಯೇ ಮಾಡಿ ಅಂದೆ.

ಆಕೆಯ ಬಲ ಹೆಬ್ಬೆರಳನ್ನು ಆಗಲೇ ನಾನು ನೋಡಿದ್ದು. ಯಾವುದೋ ಕಾಲದಲ್ಲಿ ರಾಗಿ ಕೊಯ್ಯುವಾಗ ಕುಡುಗೋಲು ತಾಗಿ, ಎಡಕ್ಕೆ ಸೊಟ್ಟಗೆ ಕೂಡಿಕೊಂಡ ಬೆರಳು. ಅದು ನಾಣ್ಯದ ತಗ್ಗಿನ ಮೇಲೆ ಇಳಿಯಿತು. ನಡುವೆ ಕೂದಲು ತೂರುವಷ್ಟೂ ಜಾಗ ಉಳಿಯಲಿಲ್ಲ. ಕಪ್ಪು ಕನ್ನಡಕದ ಹಿಂದೆ ಆಕೆ ಕಣ್ಣು ಮುಚ್ಚಿದರೋ ಏನೋ, ತುಟಿ ಅಲ್ಲಾಡತೊಡಗಿತು. ನನ್ನ ಅಂಗಡಿಯ ಗೋಡೆ ತುಂಬ ಗಡಿಯಾರಗಳು ಟಿಕ್ ಟಿಕ್ ಅನ್ನುತ್ತಿರುತ್ತವೆ. ಆಗ ನನಗೆ ಅವು ಯಾವುವೂ ಕೇಳಿಸಲಿಲ್ಲ.

ನೂರೊಂದು ಮುಗಿದಾಗ ನಾನು ಆ ಪುಡಿಯನ್ನು ಒಂದಿಷ್ಟು ಕಾಗದದ ಮೇಲೆ ಕೊಡವಿ, ಮೊದಲಿನದರ ಪಕ್ಕ ಇಟ್ಟೆ. ಮೊದಲಿನದು ಬೆಳ್ಳಗಿತ್ತು. ಇದು ಬೂದು ಬಣ್ಣಕ್ಕೆ ತಿರುಗಿತ್ತು.

ಮೆಟ್ಟಿಲಿನಿಂದ ರತ್ನ ಎದ್ದು ಬಂದು ಕಾಗದದ ಮೇಲೆ ಬಗ್ಗಿದಳು. “ನಮ್ಮೆಜಮಾನ್ರ ಅಣೆ ಮ್ಯಾಲಿರದು ಇದೇ ಬಣ್ಣ,” ಅಂದಳು. “ಎಲ್ಲಾರ್ ಧೂಳ್ತ ಬೆಳ್ಳಗಿದ್ರೆ ಇವರ್ದ್ಯಾಕೆ ಬೂದಿ ಬಣ್ಣ ಅಂತ ಮದ್ವೆಯಾದ್ ಒಸದ್ರಲ್ಲೇ ಕೇಳಿದ್ದೆ. ‘ನಮ್ಮವ್ವ ಇಕ್ಕದೇ ಇಂಗೆ’ ಅಂದಿದ್ರು ಅವ್ರು.”

ನಾನು ನಾಣ್ಯ ಇಸಿದುಕೊಂಡು ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಜಾರಿತು. ರತ್ನಳ ಬೆರಳನ್ನೂ ಇಡಿಸಿದೆ. ಅವಳದು ಸಣ್ಣ ಬೆರಳು, ತಗ್ಗಿನಲ್ಲಿ ಅತ್ತಿತ್ತ ಓಲಾಡಿತು. ಆ ತಗ್ಗು ಒಂದೇ ಬೆರಳನ್ನು ಬಲ್ಲದು.

ಟಂಕಸಾಲೆಯ ಯಂತ್ರ ಟನ್ನುಗಟ್ಟಲೆ ಭಾರ ಹಾಕಿ ಒತ್ತಿದ ಅಕ್ಷರ ಅದು. ಒಂದು ರಾಜ್ಯದ ಹೆಸರು, ಇಸವಿ, ಬೆಲೆ. ಅಷ್ಟನ್ನೂ ಓದು ಬಾರದ ಒಬ್ಬ ತಾಯಿ ಬರೀ ಬೂದಿ ಹಾಕಿ ಹೆಬ್ಬೆರಳಿನಲ್ಲಿ ಅಳಿಸಿದ್ದರು. ಕೊನೆಯ ಅಕ್ಷರ ಯಾವ ದಿನ ಹೋಯಿತೋ ಆಕೆಗೂ ತಿಳಿಯದು, ಆಕೆಯ ಕಣ್ಣಿಗೆ ಪೊರೆ ಇತ್ತು. ಹುಟ್ಟು, ಪೆಟ್ಟು, ಮೋಸ ಅಂತ ಮೂರರಲ್ಲಿ ಲೋಕವನ್ನೇ ಹಂಚಿಟ್ಟಿದ್ದ ನಾನು ಆ ಮೇಜಿನ ಮುಂದೆ ಬಹಳ ಸಣ್ಣವಳಾದೆ.

“ಅಜ್ಜಿ,” ಅಂದೆ, “ಇದು ನಿಮ್ಮವ್ವ ಕೊಟ್ಟ ರೂಪಾಯೇ. ಯಾರೂ ಬದಲಾಯ್ಸಿಲ್ಲ, ಯಾರೂ ಅರ ಹಾಕಿಲ್ಲ. ಇದರಲ್ಲಿಲ್ಲದ ಬೆಳ್ಳಿ ನಿಮ್ಮ ಮಗನ ಹಣೆಗೆ ಹೋಗಿದೆ. ದಿನಾ ಒಂದೊಂದು ಚೂರು, ನೀವೇ ಇಟ್ಟಿದ್ದೀರಿ.”

ಆಮೇಲೆ ರತ್ನಳ ಕಡೆ ತಿರುಗಿದೆ. “ಅವಸರದಲ್ಲಿ ಒಂದು ಮಾತು ಆಡಿಬಿಟ್ಟೆ ಕಣಮ್ಮ. ತಪ್ಪಾಯ್ತು.” ಅವಳು ನನ್ನನ್ನು ನೋಡುತ್ತಿರಲಿಲ್ಲ. ಅತ್ತೆಯನ್ನು ನೋಡುತ್ತಿದ್ದಳು.

ಚಿಕ್ಕಬಸಮ್ಮ ಕಪ್ಪು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾಣ್ಯ ನೋಡಿದರು, ಕಾಗದ ನೋಡಿದರು, ತಮ್ಮ ಬೆರಳನ್ನು ಬಹಳ ಹೊತ್ತು ನೋಡಿಕೊಂಡರು. ಹೊಸದಾಗಿ ಬಂದ ಕಣ್ಣಿನಲ್ಲಿ ನೀರು ತುಂಬಿತು. ಒರೆಸಿಕೊಳ್ಳಬಾರದು ಅಂತ ಡಾಕ್ಟರು ಹೇಳಿದ್ದಕ್ಕೋ ಏನೋ, ಹಾಗೇ ಬಿಟ್ಟರು.

ಬೆರಳಿನಲ್ಲಿ ಬೂದು ಧೂಳ್ತ ಇನ್ನೂ ಇತ್ತು. ಉಜ್ಜಿದ ಧೂಳ್ತವನ್ನು ಸೀರೆಗೆ ಒರೆಸುವಂತಿಲ್ಲ, ಯಾರದಾದರೂ ಹಣೆಗೆ ಹೋಗಬೇಕು. ಆ ಕೈ ಮೆಲ್ಲಗೆ ರತ್ನಳ ಕಡೆ ಎದ್ದಿತು.

ರತ್ನ ಒಂದು ಹೆಜ್ಜೆ ಹಿಂದೆ ಸರಿದಳು. “ಮೊದ್ಲು ಆಣೆ ಮಾತ ವಾಪಸ್ ತಕಳಿ ಅತ್ತೆ.”

“ತಕಂಡೆ ಕಣವ್ವ,” ಅಂದರು ಚಿಕ್ಕಬಸಮ್ಮ. ಕೈ ಹಾಗೇ ಗಾಳಿಯಲ್ಲಿತ್ತು. “ನಿನ್ನ ಕಳ್ಳಿ ಅಂದಿದ್ದು ಇದೇ ಬಾಯಿ. ತೆಪ್ಪು ನಂದೇಯ. ಬೀದೀಲ್ ಯಾರ್ಯಾರ್ಗ್ ಯೋಳಿದ್ನೋ ಅವರ್ ಮನೆ ಬಾಗಿಲ್ಗೆಲ್ಲಾ ಓಗಿ ಇದ್ನೂ ಯೋಳ್ತೀನಿ.”

ರತ್ನ ಮಗುವನ್ನು ನನ್ನ ತೋಳಿಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಅತ್ತೆಯ ಮುಂದೆ ಹಣೆ ಬಗ್ಗಿಸಿದಳು. ಇಪ್ಪತ್ತೆಂಟು ವರ್ಷದಿಂದ ಒಂದೇ ಹಣೆಯನ್ನು ಬಲ್ಲ ಆ ಸೊಟ್ಟ ಬೆರಳು, ಈ ಹಣೆಯ ಮೇಲೆ ಎಲ್ಲಿ ಇಳಿಯಬೇಕೆಂದು ತಿಳಿಯದೆ ಒಂದು ಗಳಿಗೆ ತಡಕಾಡಿತು. ಆಮೇಲೆ ಇಳಿಯಿತು.